ಕಾಲೋನಿ ಸಂಘದ ಹೆಸರು ಯಾರದ್ದು? ಕ್ಯಾಲಿಫೋರ್ನಿಯಾದ ಒಂದು ಎಚ್‌ಒಎ ಪ್ರಕರಣ

ಒಂದೇ ಹೆಸರಿನ ಎರಡು ಸಂಘಗಳು. ಎರಡೂ ಕ್ಯಾಲಿಫೋರ್ನಿಯಾದಲ್ಲಿ ಕಾರ್ಪೊರೇಷನ್ ನೋಂದಣಿ ನೋಡಿಕೊಳ್ಳುವ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯ ದಾಖಲೆಯಲ್ಲಿವೆ. ಅಕ್ಷರ ಅಕ್ಷರವೂ ಒಂದೇ. ಒಂದರ ಪಕ್ಕದಲ್ಲಿ ‘ಸಸ್ಪೆಂಡೆಡ್’ ಅಂತಿದೆ, ಇನ್ನೊಂದರ ಪಕ್ಕದಲ್ಲಿ ‘ಆಕ್ಟಿವ್’ ಅಂತಿದೆ. ಸಸ್ಪೆಂಡ್ ಆಗಿರುವುದು ಮೂವತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಕಾಲೋನಿಯ ರಸ್ತೆ, ಈಜುಕೊಳ, ಬೇಲಿ, ವಿಮೆ ಎಲ್ಲ ನೋಡಿಕೊಂಡು ಬಂದ ಹಳೇ ಸಂಘ. ಆಕ್ಟಿವ್ ಆಗಿರುವುದು, ಹಳೇ ಸಂಘ ನಡೆಸುವ ಬೋರ್ಡ್ ಮೇಲೆ ಸಿಟ್ಟಾದ ನಾಲ್ಕೈದು ಮನೆಯವರು ಸೇರಿ ಮೊನ್ನೆ ಮೊನ್ನೆ ಮಾಡಿಸಿದ ಹೊಸ ಕಾರ್ಪೊರೇಷನ್. ಈಗ ಹೇಳಿ, ಹೆಸರು ಯಾರದ್ದು?

ಈ ಜಗಳವನ್ನು ಹತ್ತಿರದಿಂದ ನೋಡಿದ್ದೇನೆ, ಕಾಗದಗಳನ್ನೂ ಓದಿದ್ದೇನೆ. ಕಾಲೋನಿಯ ಹೆಸರು, ಊರು ಹೇಳುವುದಿಲ್ಲ. ಕೆಲವು ವಿವರಗಳನ್ನು ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಹೆಸರಿನಲ್ಲಿ ಒಂದು ಮರ, ಒಂದು ಗುಡ್ಡ ಇದೆ ಅಂದುಕೊಳ್ಳಿ, ಸಾಕು. ಇಲ್ಲಿನ ಬಿಲ್ಡರ್‌ಗಳಿಗೆ ಅದು ಬಿಟ್ಟು ಬೇರೆ ಹೊಳೆಯುವುದೇ ಕಮ್ಮಿ.

ಹೊರಗಿನವರಿಗೆ ಎರಡು ಮಾತು. ಇಲ್ಲಿ ಇಂಥ ಕಾಲೋನಿಯಲ್ಲಿ ಮನೆ ಕೊಂಡರೆ ಎಚ್‌ಒಎಗೆ, ಅಂದರೆ ಮನೆ ಮಾಲೀಕರ ಸಂಘಕ್ಕೆ (ಹೋಮ್‌ಓನರ್ಸ್ ಅಸೋಸಿಯೇಷನ್) ಸೇರಬೇಕೋ ಬೇಡವೋ ಅನ್ನುವ ಪ್ರಶ್ನೆಯೇ ಇಲ್ಲ. ಮನೆ ಪತ್ರದ ಜೊತೆಗೇ ಸದಸ್ಯತ್ವ ಬರುತ್ತದೆ, ತಿಂಗಳ ಫೀಸೂ ಬರುತ್ತದೆ. ಕಟ್ಟದಿದ್ದರೆ ಸಂಘ ಮನೆಯ ಮೇಲೆ ಲೀನ್ ಹಾಕಬಹುದು, ಅಂದರೆ ಬಾಕಿಗೆ ಮನೆಯನ್ನೇ ಹೊಣೆ ಮಾಡಬಹುದು. ಇದೆಲ್ಲ ಡೇವಿಸ್-ಸ್ಟರ್ಲಿಂಗ್ ಕಾಯ್ದೆಯ ಕೆಳಗೆ ನಡೆಯುತ್ತದೆ. 1985ರಲ್ಲಿ ಬಂದ ಕಾಯ್ದೆ ಅದು, 2014ರಿಂದ ಸಿವಿಲ್ ಕೋಡ್‌ನ 4000ನೇ ಸೆಕ್ಷನ್‌ನಿಂದ ಶುರುವಾಗುತ್ತದೆ. ಹೆಚ್ಚಿನ ಸಂಘಗಳು ‘ನಾನ್‌ಪ್ರಾಫಿಟ್ ಮ್ಯೂಚುವಲ್ ಬೆನಿಫಿಟ್ ಕಾರ್ಪೊರೇಷನ್’ ಆಗಿ, ಅಂದರೆ ಲಾಭಕ್ಕಲ್ಲದೆ ಸದಸ್ಯರ ಅನುಕೂಲಕ್ಕೆ ಇರುವ ಸಂಸ್ಥೆಯಾಗಿ ನೋಂದಣಿ ಆಗಿರುತ್ತವೆ. ನಮ್ಮ ಕಥೆಯ ಸಂಘವೂ ಹಾಗೇ. ನೋಂದಣಿ ಮಾಡಿಸಿದ್ದು ಬಿಲ್ಡರ್, ಹೆಸರಿಟ್ಟಿದ್ದೂ ಅವನೇ.

ಹೆಸರು ಕೈತಪ್ಪಿದ್ದು ಹೇಗೆ

ಇಪ್ಪತ್ತು ಡಾಲರ್‌ನಿಂದ. ನಿಜವಾಗಲೂ ಅಷ್ಟೇ.

ಇಂಥ ಕಾರ್ಪೊರೇಷನ್ ಎರಡು ವರ್ಷಕ್ಕೊಮ್ಮೆ ‘ಸ್ಟೇಟ್‌ಮೆಂಟ್ ಆಫ್ ಇನ್ಫರ್ಮೇಷನ್’ ಅನ್ನುವ ಫಾರಂ ತುಂಬಬೇಕು. ವಿಳಾಸ ಯಾವುದು, ಪದಾಧಿಕಾರಿಗಳು ಯಾರು, ಕೋರ್ಟ್ ನೋಟಿಸ್ ಯಾರಿಗೆ ಕೊಡಬೇಕು, ಇಷ್ಟೇ ಅದರಲ್ಲಿ ಇರುವುದು. ಫೀಸು 20 ಡಾಲರ್. ಕಾಲೋನಿ ಸಂಘಗಳು ಅದರ ಜೊತೆ ಇನ್ನೊಂದು ಫಾರಂ ಕೂಡ ಕೊಡಬೇಕು, ಅದಕ್ಕೆ 15 ಡಾಲರ್. ಈ ಕೆಲಸವನ್ನು ಮ್ಯಾನೇಜ್‌ಮೆಂಟ್ ಕಂಪನಿ ನೋಡಿಕೊಳ್ಳುತ್ತಿತ್ತು. ನಡುವೆ ಬೋರ್ಡ್ ಕಂಪನಿಯನ್ನು ಬದಲಿಸಿತು. ಹಳೇ ಕಂಪನಿ ‘ಇನ್ನು ನಮ್ಮ ಕೆಲಸ ಅಲ್ಲ’ ಅಂತ ಕೈಬಿಟ್ಟಿತು. ಹೊಸ ಕಂಪನಿ ‘ಹಿಂದಿನವರು ಮಾಡಿರುತ್ತಾರೆ’ ಅಂದುಕೊಂಡಿತು. ವಿಳಾಸ ಬದಲಾದರೆ 60 ದಿನದೊಳಗೆ ತಿಳಿಸಬೇಕು ಅಂತ ಸಿವಿಲ್ ಕೋಡ್ 5405ನೇ ಸೆಕ್ಷನ್ ಹೇಳುತ್ತದೆ. ಯಾರೂ ತಿಳಿಸಲಿಲ್ಲ. ಜ್ಞಾಪನೆ, 50 ಡಾಲರ್ ದಂಡದ ನೋಟಿಸ್, ಸಸ್ಪೆನ್ಷನ್‌ಗೆ ಮೊದಲಿನ ಕೊನೆಯ ಎಚ್ಚರಿಕೆ, ಎಲ್ಲವೂ ಹಳೇ ಆಫೀಸಿಗೆ ಹೋಗಿ ಬಿದ್ದವು.

ಕಾರ್ಪೊರೇಷನ್ ಸಸ್ಪೆಂಡ್ ಆಯಿತು. ಕಾಲೋನಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಹುಲ್ಲು ಕತ್ತರಿಸುವವನು ಬರುತ್ತಿದ್ದ, ಈಜುಕೊಳಕ್ಕೆ ಕ್ಲೋರಿನ್ ಬೀಳುತ್ತಿತ್ತು, ಫೀಸು ಜಮಾ ಆಗುತ್ತಿತ್ತು.

ಬಹಳ ಜನರಿಗೆ ಗೊತ್ತಿಲ್ಲದ ವಿಷಯ ಇಲ್ಲೇ ಇದೆ. ಕಾರ್ಪೊರೇಷನ್ ಸಸ್ಪೆಂಡ್ ಆದರೆ ಕೋರ್ಟಿನಲ್ಲಿ ದಾವೆ ಹಾಕುವ, ದಾವೆಗೆ ಎದುರು ನಿಲ್ಲುವ ಶಕ್ತಿ ಹೋಗುತ್ತದೆ, ಇದು ಕೆಲವರಿಗೆ ಗೊತ್ತಿರುತ್ತದೆ. ಅದರ ಜೊತೆಗೆ ದಾಖಲೆಯಲ್ಲಿ ಅದರ ಹೆಸರಿಗಿದ್ದ ಕಾವಲೂ ಹೋಗುತ್ತದೆ. ಸಾಮಾನ್ಯವಾಗಿ ಹೊಸ ಕಾರ್ಪೊರೇಷನ್‌ನ ಹೆಸರು ದಾಖಲೆಯಲ್ಲಿ ಈಗಾಗಲೇ ಇರುವ ಹೆಸರುಗಳಿಂದ ಬೇರೆಯಾಗಿ ಗುರುತಿಸುವಂತೆ ಇರಬೇಕು. ಸಸ್ಪೆಂಡ್ ಆದವರ ಹೆಸರು ಆ ಲೆಕ್ಕಕ್ಕೇ ಬರುವುದಿಲ್ಲ. ಅಂದರೆ ಖಾಲಿ ಸೀಟು. ಬೇರೆಯವರು ಬಂದು ಕೂತರೆ, ಹಳಬರು ವಾಪಸ್ ಜೀವ ಪಡೆಯುವಾಗ ಹೆಸರು ಬದಲಿಸಿಕೊಂಡೇ ಬರಬೇಕಾಗುತ್ತದೆ. ಸಸ್ಪೆಂಡ್ ಆದ ಕಾರ್ಪೊರೇಷನ್‌ಗೆ ಕಾನೂನು ಉಳಿಸಿಕೊಟ್ಟಿರುವ ಕೆಲವೇ ಕೆಲವು ಅಧಿಕಾರಗಳಲ್ಲಿ ಒಂದು, ಹೊಸ ಹೆಸರು ಇಟ್ಟುಕೊಳ್ಳುವ ತಿದ್ದುಪಡಿ ಸಲ್ಲಿಸುವುದು. ಯಾಕೆ ಅಂತ ಈಗ ಅರ್ಥ ಆಯಿತು ಅಲ್ವಾ?

ಅತೃಪ್ತರ ಗುಂಪಿನ ಮುಖಂಡ ಒಬ್ಬ ನಿವೃತ್ತ ಅಕೌಂಟೆಂಟ್. ಫೀಸು ಏರಿಸಿದ್ದಕ್ಕೆ ಅವನಿಗೆ ಬೋರ್ಡ್ ಮೇಲೆ ಸಿಟ್ಟು. ಮೀಟಿಂಗಿನಲ್ಲಿ ಲೆಕ್ಕ ಕೇಳಿದಾಗ ಅಧ್ಯಕ್ಷರು ಮಾತು ಹಾರಿಸಿದ್ದರು, ಆ ಸಿಟ್ಟು ಇನ್ನೂ ಜಾಸ್ತಿ. ಅವನು ಮನೆಗೆ ಹೋಗಿ ‘ಬಿಜ್‌ಫೈಲ್’ ಅನ್ನುವ ಸರ್ಕಾರಿ ತಾಣದಲ್ಲಿ ಸಂಘದ ಹೆಸರು ಹುಡುಕಿದ. ಇದು ಯಾರು ಬೇಕಾದರೂ ಪುಕ್ಕಟೆ ನೋಡಬಹುದಾದ ದಾಖಲೆ. ಸಸ್ಪೆಂಡೆಡ್ ಅಂತ ಕಂಡಿತು. 30 ಡಾಲರ್ ಕಟ್ಟಿ ಅದೇ ಹೆಸರಿನಲ್ಲಿ ಹೊಸ ನಾನ್‌ಪ್ರಾಫಿಟ್ ಕಾರ್ಪೊರೇಷನ್ ನೋಂದಾಯಿಸಿದ. ಆಮೇಲೆ ಬ್ಯಾಂಕಿಗೆ, ಮ್ಯಾನೇಜ್‌ಮೆಂಟ್ ಕಂಪನಿಗೆ, ಎಲ್ಲ ಮನೆಗಳಿಗೆ ಒಂದೊಂದು ಪತ್ರ. ‘ಈ ಹೆಸರಿನ ಕಾನೂನುಬದ್ಧ ಸಂಘ ನಾವೇ. ಹಳೇ ಬೋರ್ಡಿಗೆ ಈ ಹೆಸರು ಬಳಸುವ ಹಕ್ಕಿಲ್ಲ. ಫೀಸು ನಮಗೆ ಕಳಿಸಿ.’

ಅವನನ್ನು ಕಳ್ಳ ಅನ್ನಲು ನನಗೆ ಮನಸ್ಸಿಲ್ಲ. ಬೋರ್ಡಿನ ಸೋಮಾರಿತನವನ್ನು ಎಲ್ಲರ ಮುಂದೆ ಎತ್ತಿ ತೋರಿಸಬೇಕು ಅನ್ನುವುದೇ ಅವನ ಮುಖ್ಯ ಉದ್ದೇಶ ಆಗಿತ್ತು ಅನಿಸುತ್ತದೆ. ಆದರೆ ಆ ಕೊನೇ ವಾಕ್ಯ ಬರೆಯಬಾರದಿತ್ತು.

ಮೊದಲು ಪೆಟ್ಟು ಬಿದ್ದಿದ್ದು ಯಾರಿಗೆ

ಇಬ್ಬರಿಗೂ ಅಲ್ಲ. ಮನೆ ಮಾರುತ್ತಿದ್ದ ಮೂರನೆಯವರಿಗೆ. ಮನೆ ಮಾರುವಾಗ ಸಂಘದ ಕಾಗದಗಳು, ಬಾಕಿ ಫೀಸಿನ ಲೆಕ್ಕ ಕೊಂಡುಕೊಳ್ಳುವವರಿಗೆ ಹೋಗಬೇಕು. ಮಾರಾಟ ಮುಗಿಯುವ ತನಕ ಹಣ, ಕಾಗದ ಇಟ್ಟುಕೊಳ್ಳುವ ಎಸ್ಕ್ರೊ ಆಫೀಸಿನವರು ಸಂಘದ ಹೆಸರು ಹುಡುಕಿದರು, ಎರಡು ಸಿಕ್ಕವು. ಚೆಕ್ ಯಾರ ಹೆಸರಿಗೆ? ಹೆಸರು ಒಂದೇ, ಹಾಗಾಗಿ ಆ ಪ್ರಶ್ನೆಗೆ ಉತ್ತರ ಸುಲಭ. ಚೆಕ್ ಯಾರ ಕೈಗೆ? ಅದಕ್ಕೆ ಉತ್ತರ ಇಲ್ಲ. ವ್ಯವಹಾರ ನಿಂತಿತು. ಬೋರ್ಡಿನ ಖಜಾಂಚಿ ನಮ್ಮ ಕನ್ನಡದ ಹುಡುಗಿ. ಆಗ ನನಗೆ ಫೋನ್ ಮಾಡಿ, ‘ಅಣ್ಣಾ, ನಮ್ಮ ಹೆಸರನ್ನೇ ಹೊಡ್ಕೊಂಡ್ಬಿಟ್ಟಿದಾರೆ, ಹೀಗೂ ಮಾಡೋಕಾಗತ್ತಾ?’ ಅಂದಳು. ನನಗೆ ಈ ಕಾಗದಗಳ ಹುಚ್ಚು ಸ್ವಲ್ಪ ಇದೆ ಅಂತ ಅವಳಿಗೆ ಗೊತ್ತು. ‘ಮಾಡೋಕಾಗತ್ತಮ್ಮ. ಆದ್ರೆ ಅವರಿಗೆ ಸಿಕ್ಕಿರೋದು ಏನು ಅಂತ ನೋಡ್ಬೇಕು’ ಅಂದೆ.

ಇಡೀ ಪ್ರಕರಣದ ತಿರುಳು ಇದೇ. ಹೊಸಬರ ಕೈಗೆ ಸಿಕ್ಕಿದ್ದು ದಾಖಲೆ ಪುಸ್ತಕದಲ್ಲಿ ಒಂದು ಸಾಲು. ಸಂಘವಲ್ಲ.

ಫೀಸು ಕೇಳುವ ಅಧಿಕಾರ ಎಲ್ಲಿಂದ ಬರುತ್ತದೆ ಅಂತ ಹುಡುಕಿದರೆ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ ಸಿಗುವುದೇ ಇಲ್ಲ. ಅದು ಬರುವುದು ಕೌಂಟಿ ರೆಕಾರ್ಡರ್ ಕಚೇರಿಯಲ್ಲಿ ನೋಂದಣಿ ಆಗಿರುವ ಡಿಕ್ಲರೇಷನ್‌ನಿಂದ. ಜನ ಸಿಸಿ&ಆರ್ ಅನ್ನುವುದು ಅದಕ್ಕೇ. ಅದು ನೆಲಕ್ಕೆ ಅಂಟಿಕೊಂಡ ಕರಾರು. ಮನೆ ಎಷ್ಟು ಕೈ ಬದಲಾದರೂ ಅದರ ಜೊತೆಗೇ ಹೋಗುತ್ತದೆ. ಅದರಲ್ಲಿ ಹೇಳಿರುವ ‘ಅಸೋಸಿಯೇಷನ್’ ಅಂದರೆ ಈ ಕಾಲೋನಿಯನ್ನು ನೋಡಿಕೊಳ್ಳಲು ಅಂತಲೇ ಆವತ್ತು ಹುಟ್ಟಿದ ಸಂಸ್ಥೆ. ಅದೇ ಹೆಸರು ಇಟ್ಟುಕೊಂಡು ಮುಂದೆ ಯಾವತ್ತೋ ಹುಟ್ಟುವ ಸಂಸ್ಥೆ ಅಲ್ಲ. ಸಿವಿಲ್ ಕೋಡ್ 4080 ಕೂಡ ಸಂಘವನ್ನು ವಿವರಿಸುವುದು ಅದು ಯಾವ ಕೆಲಸಕ್ಕೆ ಹುಟ್ಟಿದ್ದು ಅನ್ನುವುದರ ಮೇಲೆ. ಹೆಸರಿನ ಮಾತೇ ಅಲ್ಲಿಲ್ಲ. 4800ನೇ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕಾಲೋನಿಯನ್ನು ನಡೆಸುವ ಸಂಘ ಕಾರ್ಪೊರೇಷನ್ ಆಗಿರಬಹುದು, ಆಗದೆಯೂ ಇರಬಹುದು. ಅಂದಮೇಲೆ ಕಾರ್ಪೊರೇಷನ್ ಪಟ್ಟ ತೂಗಾಡುತ್ತಿದೆ ಅಂದ ಮಾತ್ರಕ್ಕೆ ಸಂಘವೇ ಮಾಯ ಆಗುವುದಿಲ್ಲ.

ಊರಿನಲ್ಲಿ ಇನ್ನೊಬ್ಬ ನಿಮ್ಮದೇ ಹೆಸರು, ಇನಿಷಿಯಲ್ ಇಟ್ಟುಕೊಂಡರೆ ನಿಮ್ಮ ಜಮೀನಿನ ಪಹಣಿ ಅವನದಾಗುತ್ತದೆಯೇ? ಆಗುವುದಿಲ್ಲ. ಇಲ್ಲೂ ಅಷ್ಟೇ.

ಹಾಗಾದರೆ ಹೆಸರಿಗೆ ಬೆಲೆಯೇ ಇಲ್ಲವೇ? ಇದೆ, ಅದಕ್ಕೆ ಬೇರೆ ಕಾನೂನು. ಕ್ಯಾಲಿಫೋರ್ನಿಯಾದ ಬಿಸಿನೆಸ್ ಆ್ಯಂಡ್ ಪ್ರೊಫೆಷನ್ಸ್ ಕೋಡ್‌ನ 14415ನೇ ಸೆಕ್ಷನ್ ಪ್ರಕಾರ, ಒಂದು ಹೆಸರಿನಲ್ಲಿ ಮೊದಲು ನೋಂದಣಿ ಮಾಡಿಸಿ, ಆ ಹೆಸರಿನಲ್ಲಿ ನಿಜವಾಗಿ ವ್ಯವಹಾರವನ್ನೂ ನಡೆಸುತ್ತಿರುವ ಕಾರ್ಪೊರೇಷನ್‌ಗೆ ಆ ಹೆಸರಿನ ಮೇಲೆ ಹಕ್ಕಿದೆ ಅಂತ ಕೋರ್ಟ್ ಆರಂಭದಲ್ಲಿ ಭಾವಿಸಿಕೊಳ್ಳುತ್ತದೆ. ಎದುರಿನವರು ಸಾಕ್ಷಿ ತಂದು ಅದನ್ನು ಅಳಿಸಬಹುದು. ‘ಮೊದಲು’ ಅನ್ನುವುದನ್ನೂ ‘ನಿಜವಾಗಿ’ ಅನ್ನುವುದನ್ನೂ ಗಮನಿಸಿ. ಹೊಸ ಗುಂಪು ಮೊದಲಿನದೂ ಅಲ್ಲ, ಆ ಹೆಸರಿನಲ್ಲಿ ಒಂದು ಬಲ್ಬ್ ಕೂಡ ಬದಲಿಸಿಲ್ಲ. ಸ್ವಲ್ಪ ಮುಂದೆ 14417ನೇ ಸೆಕ್ಷನ್ ಇದೆ. ಸರ್ಕಾರದಲ್ಲಿ ಹೆಸರು ನೋಂದಾಯಿಸಿದ ಮಾತ್ರಕ್ಕೇ ಬೇರೆಯವರ ಹಕ್ಕು ಮೀರಿ ಆ ಹೆಸರು ಬಳಸಲು ಪರವಾನಗಿ ಸಿಕ್ಕ ಹಾಗಲ್ಲ ಅಂತ ಅದರಲ್ಲಿ ನೇರವಾಗಿಯೇ ಬರೆದಿದೆ. ‘ಸರ್ಕಾರವೇ ಸರ್ಟಿಫಿಕೇಟ್ ಕೊಟ್ಟಿದೆ’ ಅಂತ ಕುಣಿಯುವವರು ಮೊದಲು ಇದನ್ನು ಓದಬೇಕು. ಕಚೇರಿಯವರು ನೋಡುವುದು ಪಟ್ಟಿಯಲ್ಲಿ ಘರ್ಷಣೆ ಇದೆಯೇ ಅಂತ ಮಾತ್ರ. ಹಕ್ಕು ಯಾರದು ಅಂತ ಅವರು ವಿಚಾರಣೆ ನಡೆಸುವುದಿಲ್ಲ.

ಇದರ ಮೇಲೆ ಟ್ರೇಡ್‌ಮಾರ್ಕ್ ಕಾನೂನು. ಅಮೆರಿಕದಲ್ಲಿ ಟ್ರೇಡ್‌ಮಾರ್ಕ್ ಹಕ್ಕು ಹುಟ್ಟುವುದು ಬಳಕೆಯಿಂದ, ನೋಂದಣಿ ಕಡ್ಡಾಯ ಅಲ್ಲ. 1946ರ ಲ್ಯಾನ್‌ಹ್ಯಾಮ್ ಕಾಯ್ದೆಯ 43(ಎ) ಸೆಕ್ಷನ್ ನೋಂದಣಿ ಆಗದ ಹೆಸರಿಗೂ ರಕ್ಷಣೆ ಕೊಡುತ್ತದೆ, ಲಾಭ ಮಾಡದ ಸಂಸ್ಥೆಗಳಿಗೂ ಕೊಡುತ್ತದೆ. ಆದರೆ ಎಚ್‌ಒಎಗಳಿಗೆ ಇಲ್ಲಿ ಒಂದು ತೊಡಕು. ಹೆಸರು ಬರೀ ಊರಿನದೋ ರಸ್ತೆಯದೋ ಆಗಿದ್ದು, ಬಾಲಕ್ಕೆ ‘ಹೋಮ್‌ಓನರ್ಸ್ ಅಸೋಸಿಯೇಷನ್’ ಅಂಟಿಸಿದ್ದರೆ ಅದು ಬರೀ ವರ್ಣನೆ. ಜನರ ಮನಸ್ಸಿನಲ್ಲಿ ಆ ಹೆಸರು ಈ ಒಂದು ಸಂಸ್ಥೆಗೇ ಅಂಟಿಕೊಂಡಿದೆ ಅಂತ ಸಾಬೀತು ಮಾಡಬೇಕಾಗುತ್ತದೆ. ಗೊಂದಲದ ಪ್ರಶ್ನೆಯೂ ಇಲ್ಲಿ ವಿಚಿತ್ರ. ಎಚ್‌ಒಎಗೆ ಗಿರಾಕಿಗಳೇ ಇಲ್ಲ, ಯಾರೂ ತಪ್ಪಿ ಬೇರೆ ಸಂಘ ಸೇರಿಬಿಡುವುದಿಲ್ಲ. ಇನ್ನೊಂದು ಕೌಂಟಿಯಲ್ಲಿ ಅದೇ ಮರ-ಗುಡ್ಡದ ಹೆಸರಿನ ಕಾಲೋನಿ ಇದ್ದರೆ ಯಾರಿಗೂ ನಷ್ಟ ಇಲ್ಲ. ಆದರೆ ಅದೇ ಬೇಲಿಯ ಒಳಗೆ, ಅದೇ ಮನೆಗಳಿಗೆ, ಅದೇ ಫೀಸು ಕೇಳುವ ಎರಡನೇ ಸಂಸ್ಥೆ? ಬ್ಯಾಂಕು, ಮನೆಯ ಹಕ್ಕುಪತ್ರ ಪರಿಶೀಲಿಸುವ ಟೈಟಲ್ ಕಂಪನಿ, ಚೆಕ್ ಬರೆಯುವ ಅಜ್ಜಿ, ಎಲ್ಲರಿಗೂ ಗೊಂದಲ. ಆ ಎಸ್ಕ್ರೊ ಆಫೀಸಿನ ಇಮೇಲೇ ದೊಡ್ಡ ಸಾಕ್ಷಿ.

ಇದಕ್ಕೆ ತುಂಬ ಹತ್ತಿರದ ತೀರ್ಪು ಒಂದಿದೆ, ಎಚ್‌ಒಎಯದಲ್ಲ, ಪಶುವೈದ್ಯರದ್ದು. ಪ್ರಾಣಿಗಳ ಕ್ರೀಡಾ ವೈದ್ಯಕೀಯಕ್ಕೆ ಅಂತ ತಜ್ಞರ ಒಂದು ಸಂಸ್ಥೆ ಕಟ್ಟುವಾಗ ಸಂಘಟನಾ ಸಮಿತಿಯಲ್ಲಿ ಇದ್ದವರೊಬ್ಬರು ಆಮೇಲೆ ಸಮಿತಿಯಿಂದ ಹೊರಬಿದ್ದರು. ಸಂಸ್ಥೆಯ ಹೆಸರನ್ನು ತಮ್ಮ ಹೆಸರಿಗೆ ಟ್ರೇಡ್‌ಮಾರ್ಕ್ ಮಾಡಿಸಿಕೊಂಡರು. 2017ರಲ್ಲಿ ಫೆಡರಲ್ ಸರ್ಕ್ಯೂಟ್ ಅನ್ನುವ ಮೇಲ್ಮನವಿ ಕೋರ್ಟ್ ಆ ನೋಂದಣಿ ರದ್ದಾಗಿದ್ದನ್ನು ಎತ್ತಿಹಿಡಿಯಿತು. ಕೋರ್ಟ್ ನೋಡಿದ್ದು ಮೂರು ವಿಷಯ. ಎರಡೂ ಕಡೆಯವರ ಮೂಲ ಉದ್ದೇಶ ಏನಿತ್ತು, ಜನ ಆ ಹೆಸರನ್ನು ಯಾರ ಜೊತೆ ಸೇರಿಸಿ ನೋಡುತ್ತಾರೆ, ಗುಣಮಟ್ಟಕ್ಕೆ ಯಾರು ಹೊಣೆ ಅಂತ ಜನ ಅಂದುಕೊಳ್ಳುತ್ತಾರೆ. ಈ ಮೂರನ್ನೂ ನಮ್ಮ ಕಾಲೋನಿಗೆ ಹಚ್ಚಿ ನೋಡಿ. ಈಜುಕೊಳ ಹಸಿರಾದರೆ ಜನ ಬೈಯುವುದು ಯಾರನ್ನು? ಹಳೇ ಬೋರ್ಡನ್ನೇ ತಾನೇ.

ಇನ್ನು ಬಿಲ್ಡರ್. ಹೆಸರು ಅವನು ಮನೆ ಮಾರುವಾಗ ಇಟ್ಟ ಮಾರ್ಕೆಟಿಂಗ್ ಹೆಸರು. ಕೆಲವು ಕಡೆ ಬಿಲ್ಡರ್ ಡಿಕ್ಲರೇಷನ್‌ನಲ್ಲೇ ‘ಹೆಸರು, ಲೋಗೋ ನನ್ನದು, ಸಂಘಕ್ಕೆ ಬಳಸಲು ಮಾತ್ರ ಅನುಮತಿ’ ಅಂತ ಒಂದು ಕಲಮು ಇಟ್ಟಿರುತ್ತಾನೆ. ದೊಡ್ಡ ಕಂಪನಿಗಳಂತೂ ಅದನ್ನು ಮರೆಯುವುದಿಲ್ಲ. ಆ ಕಲಮು ಇದ್ದಿದ್ದರೆ ಎರಡೂ ಗುಂಪು ಕಚ್ಚಾಡುತ್ತಿದ್ದದ್ದು ಮೂರನೆಯವನ ಸ್ವತ್ತಿಗೆ ಆಗುತ್ತಿತ್ತು. ಇಲ್ಲಿ ಡಿಕ್ಲರೇಷನ್ ಪೂರ್ತಿ ಓದಿದೆವು, ಅಂಥದ್ದೇನೂ ಇರಲಿಲ್ಲ.

ಬೋರ್ಡಿನ ಮೊದಲ ಪತ್ರ, ಅದರ ಅವಾಂತರ

ಇಷ್ಟೆಲ್ಲ ತಮ್ಮ ಕಡೆಗೇ ಇದ್ದರೂ ಬೋರ್ಡ್ ಮೊದಲು ಮಾಡಿದ ಕೆಲಸ ನೋಡಿದರೆ ತಲೆ ಚಚ್ಚಿಕೊಳ್ಳಬೇಕು. ಅಧ್ಯಕ್ಷರು ಇಂಟರ್‌ನೆಟ್‌ನಿಂದ ಒಂದು ಮಾದರಿ ಪತ್ರ ಇಳಿಸಿ, ‘ನಮ್ಮ ಟ್ರೇಡ್‌ಮಾರ್ಕ್ ಉಲ್ಲಂಘಿಸಿದ್ದೀರಿ, ಫೆಡರಲ್ ಕೋರ್ಟಿಗೆ ಎಳೆಯುತ್ತೇವೆ, ಕಾಲೋನಿಯ ಹೆಸರನ್ನು ಇನ್ನು ಮುಂದೆ ಯಾವ ಕರಪತ್ರದಲ್ಲೂ ಬಳಸಕೂಡದು’ ಅಂತ ಬರೆದರು. ಸಸ್ಪೆಂಡ್ ಆದ ಕಾರ್ಪೊರೇಷನ್ ಕೋರ್ಟಿಗೆ ಎಳೆಯುವುದು ಹೇಗೆ ಸ್ವಾಮಿ? ಅಕೌಂಟೆಂಟ್ ಅದೇ ಪತ್ರವನ್ನು ಪ್ರಿಂಟ್ ಹಾಕಿಸಿ, ಪಕ್ಕದಲ್ಲಿ ಬಿಜ್‌ಫೈಲ್ ಪುಟವನ್ನೂ ಹಾಕಿ, ಮನೆ ಮನೆಗೆ ಹಂಚಿದ. ಅರ್ಧ ಕಾಲೋನಿ ಅವನ ಕಡೆ ವಾಲಿತು.

ಇದಕ್ಕಿಂತ ದೊಡ್ಡ ತಪ್ಪು ಆ ಕೊನೇ ಭಾಗ, ಕರಪತ್ರದಲ್ಲಿ ಹೆಸರು ಬಳಸಕೂಡದು ಅನ್ನುವುದು. ಸಂಘದ ಬಗ್ಗೆ ಮಾತಾಡಬೇಕಾದರೆ ಸಂಘದ ಹೆಸರು ಹೇಳಲೇಬೇಕು. ಹೆಸರು ಹೇಳಿ ಟೀಕೆ ಮಾಡುವುದು ಬೇರೆ, ನಾನೇ ಆ ಸಂಸ್ಥೆ ಅನ್ನುವುದು ಬೇರೆ. ಕ್ಯಾಲಿಫೋರ್ನಿಯಾವೂ ಸೇರಿದ 9ನೇ ಸರ್ಕ್ಯೂಟ್‌ನ ಮೇಲ್ಮನವಿ ಕೋರ್ಟ್ 2005ರಲ್ಲಿ, ಕೂದಲು ಕಸಿ ಮಾಡುವ ಒಂದು ಕಂಪನಿಯ ಹೆಸರಿನಲ್ಲೇ ತಾಣ ಮಾಡಿ ಅದನ್ನು ಬೈದ ಗಿರಾಕಿಯ ಕೇಸಿನಲ್ಲಿ, ವ್ಯಾಪಾರಕ್ಕಲ್ಲದ ಟೀಕೆ ಟ್ರೇಡ್‌ಮಾರ್ಕ್ ಉಲ್ಲಂಘನೆ ಆಗುವುದಿಲ್ಲ ಅಂದಿತ್ತು. ಎಚ್‌ಒಎಗಳಿಗಂತೂ 2018ರಿಂದ ಸಿವಿಲ್ ಕೋಡ್ 4515 ಇದೆ. ಸದಸ್ಯರು ಸೇರುವುದನ್ನು, ಕಾಲೋನಿಯ ವಿಷಯ ಒಬ್ಬರಿಗೊಬ್ಬರು ಹೇಳಿಕೊಳ್ಳುವುದನ್ನು, ಕಾಗದ ಹಂಚುವುದನ್ನು ಸಂಘ ತಡೆಯುವ ಹಾಗಿಲ್ಲ. ಆ ಗುಂಪು ತನ್ನನ್ನು ‘ಇಂಥ ಕಾಲೋನಿಯ ನೊಂದ ನಿವಾಸಿಗಳು’ ಅಂತ ಕರೆದುಕೊಂಡಿದ್ದರೆ ಬೋರ್ಡ್ ಕೂದಲೂ ಅಲ್ಲಾಡಿಸಲು ಆಗುತ್ತಿರಲಿಲ್ಲ. ಅವರು ಎಡವಿದ್ದು ‘ನಾವೇ ಸಂಘ’ ಅಂದಿದ್ದರಲ್ಲಿ, ಫೀಸು ಕೇಳಿದ್ದರಲ್ಲಿ.

ಬಿಡಿಸಿದ್ದು ಹೇಗೆ

ಕೊನೆಗೆ ಎಚ್‌ಒಎ ಕೇಸುಗಳನ್ನೇ ನೋಡುವ ವಕೀಲರೊಬ್ಬರನ್ನು ಹಿಡಿದರು. ಅವರು ಮೊದಲು ಹೇಳಿದ್ದು, ಬಾಯಿ ಮುಚ್ಚಿಕೊಂಡಿರಿ, ಜೀವ ವಾಪಸ್ ಬರುವ ತನಕ ಯಾವ ಒಪ್ಪಂದಕ್ಕೂ ಸಹಿ ಹಾಕಬೇಡಿ ಅಂತ. ಎರಡು ದಾರಿ ಇತ್ತು. ಹೆಸರಿಗೆ ಒಂದು ಪದ ಸೇರಿಸಿಕೊಂಡು ಈಗಲೇ ಜೀವ ಪಡೆದು, ಆಮೇಲೆ ಹೊಸಬರ ಮೇಲೆ ತಡೆಯಾಜ್ಞೆಗೆ ದಾವೆ ಹಾಕುವುದು ಒಂದು. ಬಳಕೆಯಿಂದ ಬಂದ ಹಕ್ಕು ಸಸ್ಪೆನ್ಷನ್‌ನಿಂದ ಅಳಿಸಿ ಹೋಗುವುದಿಲ್ಲ, ಹಾಗಾಗಿ ಗೆಲ್ಲುವ ಸಾಧ್ಯತೆ ಚೆನ್ನಾಗಿತ್ತು. ಖರ್ಚು ಮಾತ್ರ ಹತ್ತಾರು ಸಾವಿರ ಡಾಲರ್ ಆಗಬಹುದು, ಅದನ್ನು ಕೊಡುವವರು ಇದೇ ಮನೆಯವರು. ಜೊತೆಗೆ ಹೆಸರು ಬದಲಾದರೆ ವಿಮೆ, ಬ್ಯಾಂಕು, ಹಾಕಿರುವ ಲೀನ್‌ಗಳು, ಎಲ್ಲ ಕಡೆ ಓಡಾಟ. ಆರ್ಟಿಕಲ್ಸ್ (ಕಾರ್ಪೊರೇಷನ್ ಹುಟ್ಟುವಾಗ ಸಲ್ಲಿಸುವ ಮೂಲ ಪತ್ರ) ತಿದ್ದಲು ಸದಸ್ಯರ ಮತ ಬೇಕಾದರೆ ಗುಪ್ತ ಮತದಾನದ ಇಡೀ ವಿಧಿ ಬೇರೆ.

ಎರಡನೆಯದು, ಹೊಸಬರ ಜೊತೆ ಕೂತು ಮಾತಾಡುವುದು. ವಕೀಲರು ಇದನ್ನೇ ಆರಿಸಿದರು. ಅವರು ಅಕೌಂಟೆಂಟ್‌ಗೆ ಬರೆದ ಪತ್ರದಲ್ಲಿ ಬೆದರಿಕೆ ಕಮ್ಮಿ, ಲೆಕ್ಕ ಜಾಸ್ತಿ. ನಿಮ್ಮ ಕಾರ್ಪೊರೇಷನ್‌ಗೂ ಡಿಕ್ಲರೇಷನ್‌ಗೂ ಸಂಬಂಧ ಇಲ್ಲ, ಫೀಸು ಕೇಳುವ ಹಕ್ಕಿಲ್ಲ. ಯಾರಾದರೂ ನಂಬಿ ಚೆಕ್ ಕಳಿಸಿ ನೀವು ಜಮಾ ಮಾಡಿಕೊಂಡರೆ ಅದು ಬರೀ ಹೆಸರಿನ ಜಗಳವಾಗಿ ಉಳಿಯುವುದಿಲ್ಲ. ಬೇರೆ ತೆರಿಗೆ ವಿನಾಯಿತಿ ಪಡೆಯದಿದ್ದರೆ ಮೊದಲ ವರ್ಷ ಕಳೆದ ಮೇಲೆ ಕಾರ್ಪೊರೇಷನ್‌ಗಳ ಮೇಲೆ ರಾಜ್ಯ ಹಾಕುವ ಫ್ರಾಂಚೈಸ್ ತೆರಿಗೆ ವರ್ಷಕ್ಕೆ ಕನಿಷ್ಠ 800 ಡಾಲರ್ ಕಟ್ಟಬೇಕು. ಜೊತೆಗೆ, ನೀವು ಕೇಳಿದ್ದ ಲೆಕ್ಕಪತ್ರಗಳನ್ನು ನೋಡುವುದು ಸದಸ್ಯರಾಗಿ ನಿಮಗೆ ಡೇವಿಸ್-ಸ್ಟರ್ಲಿಂಗ್ ಕಾಯ್ದೆಯೇ ಕೊಟ್ಟ ಹಕ್ಕು, ಬೋರ್ಡ್ ಅವನ್ನು ಕೊಡುತ್ತದೆ.

ಆ ಕೊನೇ ಮಾತೇ ಕೆಲಸ ಮಾಡಿತು ಅಂತ ನನ್ನ ಅಂದಾಜು. ಮನುಷ್ಯ ಲೆಕ್ಕ ನೋಡಬೇಕು ಅಂತ ಶುರು ಮಾಡಿದವನು. ಅವನಿಗೆ ಹೆಸರು ಕಟ್ಟಿಕೊಂಡು ಆಗಬೇಕಾದ್ದು ಏನೂ ಇರಲಿಲ್ಲ.

ಮುಂದಿನ ಹೆಜ್ಜೆಗಳು ಸ್ವಲ್ಪ ನಾಜೂಕು. ಹೊಸ ಕಾರ್ಪೊರೇಷನ್ ಮೊದಲು ತನ್ನ ಹೆಸರು ಬದಲಿಸಿಕೊಳ್ಳಬೇಕು. ಅದು ಬದಲಿಸಿದ ಗಳಿಗೆಯಿಂದ ಹಳೇ ಸಂಘ ಜೀವ ಪಡೆಯುವ ಗಳಿಗೆಯ ತನಕ ಹೆಸರು ಮತ್ತೆ ಖಾಲಿ. ಆ ನಡುವೆ ಇನ್ಯಾರೋ ನುಗ್ಗಬಹುದು. ಹೆಸರನ್ನು 60 ದಿನ ಕಾಯ್ದಿರಿಸಲು 10 ಡಾಲರ್‌ನ ಒಂದು ಅರ್ಜಿ ಇದೆ. ವಕೀಲರು ಅದನ್ನೂ ಸಿದ್ಧ ಮಾಡಿ ಇಟ್ಟುಕೊಂಡಿದ್ದರು. ಅಕೌಂಟೆಂಟ್ ತಿದ್ದುಪಡಿ ಸಲ್ಲಿಸಿದ. ಅವನ ಗುಂಪಿನ ಹೆಸರು ಈಗ ‘ನಿವಾಸಿಗಳ ವೇದಿಕೆ’ ಅನ್ನುವ ಅರ್ಥದ್ದು. ಬೋರ್ಡ್ ಬಾಕಿ ಫಾರಂಗಳನ್ನು, ದಂಡವನ್ನು ಕಟ್ಟಿತು. ತೆರಿಗೆ ಇಲಾಖೆಯಿಂದ ಸಸ್ಪೆನ್ಷನ್ ಆಗಿರಲಿಲ್ಲ, ಅದು ಪುಣ್ಯ. ಆಗಿದ್ದರೆ ಫ್ರಾಂಚೈಸ್ ಟ್ಯಾಕ್ಸ್ ಬೋರ್ಡ್ ಮುಂದೆ ಹಳೇ ರಿಟರ್ನ್‌ಗಳನ್ನೆಲ್ಲ ಸಲ್ಲಿಸಿ ರಿವೈವರ್, ಅಂದರೆ ಮತ್ತೆ ಜೀವ, ಕೇಳುವ ಬೇರೆಯೇ ಮೆರವಣಿಗೆ. ಹಳೇ ಸಂಘ ಹಳೇ ಹೆಸರಿನಲ್ಲೇ ಆಕ್ಟಿವ್ ಆಯಿತು. ನಿಂತಿದ್ದ ಮನೆ ಮಾರಾಟವೂ ಮುಗಿಯಿತು.

ಆಮೇಲೆ ಒಂದು ಮೀಟಿಂಗಿನಲ್ಲಿ ‘ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿಬಿಡೋಣ’ ಅಂತ ಯಾರೋ ಎದ್ದರು. ಫೆಡರಲ್ ಅರ್ಜಿಗೆ 2025ರ ಜನವರಿಯಿಂದ ಸರಕು-ಸೇವೆಗಳ ಒಂದು ವರ್ಗಕ್ಕೆ 350 ಡಾಲರ್, ಕ್ಯಾಲಿಫೋರ್ನಿಯಾದ ನೋಂದಣಿಗೆ 70 ಡಾಲರ್. ಮಾಡಿಸಬಹುದು, ತಪ್ಪಿಲ್ಲ. ಆದರೆ ಈ ಕಾಲೋನಿಗೆ ಆದ ಪೆಟ್ಟನ್ನು ಅದು ತಡೆಯುತ್ತಿರಲಿಲ್ಲ. ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ ಕಾರ್ಪೊರೇಷನ್ ಹೆಸರು ಒಪ್ಪುವಾಗ ಟ್ರೇಡ್‌ಮಾರ್ಕ್ ಪಟ್ಟಿ ತಿರುವಿ ಹಾಕುವುದಿಲ್ಲ. ಆ ಎರಡು ಫಾರಂ ಸರಿಯಾದ ಹೊತ್ತಿಗೆ ಹೋಗಿದ್ದರೆ ಅಷ್ಟೇ ಸಾಕಿತ್ತು. ಸುಮ್ನೆ ಯಾಕೆ ಅಂತ ಬೋರ್ಡ್ ಆ ಪ್ರಸ್ತಾಪ ಕೈಬಿಟ್ಟಿತು. ನನಗೂ ಅದೇ ಸರಿ ಅನಿಸಿತು. ಬದಲಿಗೆ ಸರ್ಕಾರಿ ನೋಟಿಸ್‌ಗಳ ವಿಳಾಸವನ್ನು ಮ್ಯಾನೇಜ್‌ಮೆಂಟ್ ಕಂಪನಿಯಿಂದ ತೆಗೆಸಿ ಕಾಲೋನಿಯದ್ದೇ ಒಂದು ಅಂಚೆ ಪೆಟ್ಟಿಗೆಗೆ ಹಾಕಿಸಿದರು. ಸಂಘದ ವೆಬ್‌ಸೈಟಿನ ಡೊಮೈನ್ ಹೆಸರು ಯಾರ ಖಾತೆಯಲ್ಲಿದೆ ಅಂತ ನೋಡಿದರೆ ಅದು ಎಂದೋ ಮನೆ ಮಾರಿ ಹೋದ ಹಿಂದಿನ ಕಾರ್ಯದರ್ಶಿಯ ಸ್ವಂತ ಇಮೇಲ್‌ನಲ್ಲಿತ್ತು. ಕೇಳಿದಾಗ ಅವರು ಎರಡೇ ದಿನದಲ್ಲಿ ಬರೆದುಕೊಟ್ಟರು, ಒಳ್ಳೆಯವರು.

ಉಳಿದಿರುವುದು ವಕೀಲರ ಬಿಲ್ಲು. ಫಾರಂ ಸಲ್ಲಿಸುವುದು ಮ್ಯಾನೇಜ್‌ಮೆಂಟ್ ಕಂಪನಿಯ ಹೊಣೆ ಅಂತ ಹೊಸ ಕಂಪನಿಯ ಕರಾರಿನಲ್ಲಿ ಇದೆ. ಬೋರ್ಡ್ ಒದಗಿಸಿದ ಮಾಹಿತಿಯ ಮೇಲೆ ಅಂತ ಅದೇ ಸಾಲಿನಲ್ಲಿ ಮುಂದುವರಿಯುತ್ತದೆ. ಬೋರ್ಡ್ ಮೊದಲ ಅರ್ಧ ತೋರಿಸುತ್ತಿದೆ, ಕಂಪನಿ ಎರಡನೇ ಅರ್ಧ ತೋರಿಸುತ್ತಿದೆ. ಆ ಪತ್ರ ವ್ಯವಹಾರದ ಕಡತವನ್ನು ಈಗ ಮೀಟಿಂಗಿಗೆ ತರುವವನು ಆ ಅಕೌಂಟೆಂಟೇ. ಈ ಸಲದ ಚುನಾವಣೆಯಲ್ಲಿ ಅವನು ಬೋರ್ಡಿಗೆ ಆರಿಸಿ ಬಂದ.